ದ್ರವ ಅಮೋನಿಯಾ: ದರಪಟ್ಟಿಯಲ್ಲಿ ಕಾಣದ ಖರ್ಚು

ಕೆರೆಬಿಳಚಿಯಲ್ಲಾಗಲಿ ಚನ್ನಗಿರಿಯಲ್ಲಾಗಲಿ ಯೂರಿಯಾ ಮಾರುವ ವರ್ತಕರಿಗೆ ಅಮೋನಿಯಾ ಅಪರಿಚಿತವಲ್ಲ; ಯೂರಿಯಾ ತಯಾರಾಗುವುದೇ ಅದರಿಂದ. ಐಸ್ ಫ್ಯಾಕ್ಟರಿ ನಡೆಸುವವರಿಗೂ ಅದರ ಘಾಟು ಗೊತ್ತು. ಆದರೆ ಔಷಧ ರಾಸಾಯನಿಕಗಳ ತಯಾರಿಕೆಯಲ್ಲಿ ಇದೇ ಅಮೋನಿಯಾ ದ್ರವರೂಪದಲ್ಲಿ ದ್ರಾವಕವಾಗಿಯೂ ಒದಗುತ್ತದೆ. ಈ ಕ್ಷೇತ್ರಕ್ಕೆ ಇಳಿಯಬಯಸುವ ಸಣ್ಣ ಉದ್ಯಮಿಗಳು ಅದರ ಕಿಲೋ ದರವೊಂದನ್ನೇ ನೋಡಿ ಬಂಡವಾಳ ಹೂಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ನೀರಿಗೆ ಬಿದ್ದ ಸೋಡಿಯಂ ಸಿಡಿಯುತ್ತದೆ. ದ್ರವ ಅಮೋನಿಯಾದಲ್ಲಿ ಅದೇ ಸೋಡಿಯಂ ಕಡುನೀಲಿ ಬಣ್ಣ ತಳೆದು ಶಾಂತವಾಗಿ ಕರಗುತ್ತದೆ. ಈ ನೀಲಿ ದ್ರಾವಣಕ್ಕೆ ಆಲ್ಕೊಹಾಲ್ ಸೇರಿಸಿ ಬೆಂಜೀನ್ ವರ್ಗದ ಸಂಯುಕ್ತಗಳನ್ನು ಅಪಕರ್ಷಿಸುವ ವಿಧಾನವನ್ನು ಆರ್ಥರ್ ಬರ್ಚ್ 1944ರಲ್ಲಿ ಪ್ರಕಟಿಸಿದರು. ಗರ್ಭನಿರೋಧಕ ಗುಳಿಗೆಗಳಲ್ಲಿರುವ ನೊರೆಥಿಸ್ಟೆರೋನ್ ಈ ಮಾರ್ಗದಿಂದಲೇ ದೊರೆಯಿತು. ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸತೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ.ಎಸ್.ಆರ್. ಸುಬ್ಬರಾವ್ ಅವರು ಬರ್ಚ್ ಅವರೊಡನೆ ಈ ವಿಷಯದ ಮೇಲೆ ಬರೆದ ವಿಸ್ತೃತ ಸಮೀಕ್ಷೆ 1972ರಲ್ಲಿಯೇ ಪ್ರಕಟವಾಗಿದೆ.

ತೊಡಕಿರುವುದು ಲೆಕ್ಕದಲ್ಲಿ. ಅಮೋನಿಯಾ ಕುದಿಯುವುದು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ತಣ್ಣಗಿಡಲು ಶೀತಲ ಯಂತ್ರ ಬೇಕು. 30 ಡಿಗ್ರಿಯಲ್ಲಿ ದ್ರವವಾಗಿಯೇ ಇಡುವುದಾದರೆ ಸುಮಾರು 12 ವಾಯುಭಾರ ತಡೆಯುವ ಪಾತ್ರೆ ಬೇಕು. ಒಂದು ಲೀಟರ್ ದ್ರವ ಆವಿಯಾದರೆ 900 ಲೀಟರಿಗೂ ಮೀರಿದ ಅನಿಲವಾಗುತ್ತದೆ. ಅದನ್ನು ಹಿಡಿದು ಮತ್ತೆ ದ್ರವವಾಗಿಸದಿದ್ದರೆ ದುಡ್ಡೂ ಹೋಯಿತು, ನೆರೆಹೊರೆಯವರ ಉಸಿರೂ ಕಟ್ಟಿತು. ಹಿತ್ತಾಳೆ, ತಾಮ್ರದ ವಾಲ್ವುಗಳನ್ನು ಅಮೋನಿಯಾ ತಿಂದುಹಾಕುತ್ತದೆ. ಉಕ್ಕಿನ ಟ್ಯಾಂಕು ಬಿರುಕು ಬಿಡದಿರಲೆಂದು ಅಮೋನಿಯಾಕ್ಕೆ ಶೇ. 0.2ರಷ್ಟು ನೀರು ಬೆರೆಸುವ ರೂಢಿಯಿದೆ. ಸೋಡಿಯಮ್ಮಿಗೋ ಆ ನೀರೇ ವೈರಿ. ಕಬ್ಬಿಣದ ಅಂಶ ತುಸು ಉಳಿದಿದ್ದರೂ ಸೋಡಿಯಂ ಸೋಡಮೈಡ್ ಆಗಿ ವ್ಯರ್ಥವಾಗುತ್ತದೆ. ಎಂದರೆ ಕೊಂಡ ಸರಕನ್ನು ಬಟ್ಟಿ ಇಳಿಸಿಯೇ ಬಳಸಬೇಕು. ಯಂತ್ರ ಮಾರಲು ಬರುವವರು ಈ ಖರ್ಚುಗಳನ್ನು ತಾವಾಗಿ ಹೇಳುವುದು ಕಡಿಮೆ!

ಆದ್ದರಿಂದ ಬಾಡಿಗೆ ಶೆಡ್ಡಿನಲ್ಲಿ, ಒಬ್ಬಿಬ್ಬರು ಕೆಲಸಗಾರರನ್ನಿಟ್ಟುಕೊಂಡು ಮಾಡುವ ಉದ್ಯಮ ಇದಲ್ಲ. ಔಷಧ ಘಟಕಗಳು ನೆಲೆಗೊಂಡಿರುವ ಯಾದಗಿರಿ ಜಿಲ್ಲೆಯ ಕಡೇಚೂರಿನಂತಹ ಕೈಗಾರಿಕಾ ಪ್ರದೇಶಗಳಲ್ಲಿ ಅಮೋನಿಯಾ ಸಂಗ್ರಹ, ಮರುವಶ ಹಾಗೂ ನೀರಿನ ಸ್ಕ್ರಬ್ಬರುಗಳುಳ್ಳ ಒಂದು ಸಾಮಾನ್ಯ ಸೌಲಭ್ಯ ಕೇಂದ್ರವಿದ್ದರೆ, ನಮ್ಮ ಭಾಗದ ಸಣ್ಣ ತಯಾರಕರು ಈ ಒಂದು ಹಂತವನ್ನು ಅಲ್ಲಿ ಜಾಬ್ ವರ್ಕ್ ಆಗಿ ಮಾಡಿಸಿ, ಉಳಿದುದನ್ನು ತಮ್ಮಲ್ಲಿಯೇ ಮುಗಿಸಬಹುದು. ಇಂತಹ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಯೋಜನೆಯಲ್ಲಿ ನೆರವಿನ ಅವಕಾಶವೂ ಇದೆ. ವಾಣಿಜ್ಯೋದ್ಯಮ ಸಂಸ್ಥೆಗಳು ಸರ್ಕಾರದ ಮುಂದೆ ಪ್ರತಿ ವರ್ಷ ಇಡುವ ಬೇಡಿಕೆಗಳಲ್ಲಿ ತೆರಿಗೆಯ ಮಾತೇ ತುಂಬಿರುತ್ತದೆ. ಇದಕ್ಕೂ ಒಂದು ಸಾಲು ಮೀಸಲಾಗಲಿ.

ಅಷ್ಟರವರೆಗೆ ಕಾಯಲಾಗದವರು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ವಿಧಾನವನ್ನು ತಮ್ಮ ರಸಾಯನಶಾಸ್ತ್ರಜ್ಞರಿಂದ ಪರಿಶೀಲಿಸಿಕೊಳ್ಳಬೇಕು. ಅದರಲ್ಲಿ ಅಮೋನಿಯಾದ ಬದಲು ಎಥಿಲೀನ್‌ಡೈಅಮೀನ್, ಸೋಡಿಯಮ್ಮಿನ ಬದಲು ಲಿಥಿಯಂ ಬಳಸಲಾಗಿದೆ. ಲಿಥಿಯಂ ದುಬಾರಿ, ನಿಜ. ಆದರೆ ಮೈನಸ್ 33 ಡಿಗ್ರಿಯ ಕರೆಂಟು ಬಿಲ್ಲಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು.