ಹೆಬ್ಬಾವು ಸುಮ್ಮನೆ ಬಿದ್ದುಕೊಂಡಿಲ್ಲ

ಅನುವಾದಕರಿಗೊಂದು ಭ್ರಮೆ ಇರುತ್ತದೆ. ಕೈಯಿಂದ ದಾಟಿಹೋದ ವಾಕ್ಯವೆಲ್ಲ ತಲೆಗೂ ಇಳಿದಿದೆ ಅಂದುಕೊಂಡುಬಿಡುತ್ತೇವೆ. ಎರಡು ವರ್ಷದ ಹಿಂದೆ, ಸಾಕುಪ್ರಾಣಿಗಳ ಸಾಮಾನು ಮಾರುವ ಕಂಪನಿಯೊಂದಕ್ಕೆ ಹಾವು ಸಾಕುವವರ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಅದರಲ್ಲೊಂದು ಸಾಲು: ಆಹಾರ ಕೊಟ್ಟ ಮೇಲೆ 24ರಿಂದ 48 ಗಂಟೆ ಹಾವನ್ನು ಹ್ಯಾಂಡಲ್ ಮಾಡಬೇಡಿ.

ಈ ‘ಹ್ಯಾಂಡಲ್’ ನನ್ನ ಅರ್ಧ ದಿನ ತಿಂದಿತು. ‘ಹಿಡಿ’ ಅಂದರೆ ಹಾವು ಹಿಡಿಯುವವರು ನೆನಪಾಗುತ್ತಾರೆ, ‘ಆಡಿಸು’ ಅಂದರೆ ಹಾವಾಡಿಗ, ‘ಮುಟ್ಟು’ ಅಂದರೆ ಸಾಲದು. ಕೊನೆಗೆ ‘ಎತ್ತಿಕೊಳ್ಳು’ ಎಂದು ಬರೆದು ಕಳಿಸಿದೆ. ಈಗ ಯೋಚಿಸಿದರೆ ಅದು ಕೂಸಿಗೆ ಆಡುವ ಮಾತು. ಕೂಸನ್ನು ಹಾಲು ಕುಡಿದ ಕೂಡಲೇ ಎತ್ತಿಕೊಂಡು, ಹೆಗಲ ಮೇಲೆ ಹಾಕಿ, ತೇಗು ಬರುವ ತನಕ ಬೆನ್ನು ತಟ್ಟುತ್ತೇವೆ. ಹಾವಿನ ವಿಷಯದಲ್ಲಿ ಮಾಡಬಾರದ್ದು ಇದೇ.

ಕಳೆದ ಡಿಸೆಂಬರ್‌ನಲ್ಲಿ ನಾನು ಇದನ್ನೇ ಮಾಡಿದೆ. ಪುಣೆಯಲ್ಲಿ ನನ್ನ ಕೆಳಗಿನ ಮಹಡಿಯ ಗೆಳೆಯನ ಬಳಿ ಒಂದು ಬಾಲ್ ಪೈಥಾನ್ ಇದೆ. ಪಶ್ಚಿಮ ಆಫ್ರಿಕಾ ಕಡೆಯ ಗಿಡ್ಡ ಹೆಬ್ಬಾವು, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. (ನಮ್ಮ ನೆಲದ ಹೆಬ್ಬಾವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಂಥ ಹೊರದೇಶದ ಹಾವುಗಳನ್ನು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅವನದು ಆಗಿದೆ.) ಭಾನುವಾರ ರಾತ್ರಿ ಅದಕ್ಕೆ ಇಲಿ ಕೊಟ್ಟು, ಬೀಗದ ಕೈ ನನಗೆ ಕೊಟ್ಟು ಅವನು ಬೆಳಗಾವಿಗೆ ಹೋದ. ನೀರು ನೋಡಿಕೊಳ್ಳಬೇಕು, ಶಾಖ ನೋಡಿಕೊಳ್ಳಬೇಕು, ಅಷ್ಟೇ ನನ್ನ ಕೆಲಸ.

ಸೋಮವಾರ ಸಂಜೆ ಊರಿಂದ ನೆಂಟರು ಬಂದರು, ಜೊತೆಗೆ ಇಬ್ಬರು ಮಕ್ಕಳು. ಹಾವು ತೋರಿಸು ಎಂದು ಹಟ. ಗಡಿಯಾರ ನೋಡಿದೆ: ಇಲಿ ತಿಂದು ಹೆಚ್ಚುಕಡಿಮೆ 24 ಗಂಟೆ. ಹೊರಗೆ ತೆಗೆದೆ. ಹತ್ತು ನಿಮಿಷ, ಏಳೆಂಟು ಫೋಟೊ. ಹಾವು ಬುಸ್ ಎನ್ನಲಿಲ್ಲ, ಮಿಸುಕಾಡಲಿಲ್ಲ. ಎಷ್ಟು ಸಾಧು ನೋಡಿ ಎಂದು ನಾನೇ ಹೇಳಿದೆ. ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದರೆ ಮೂಗಿಗೆ ಬಡಿದ ವಾಸನೆಯನ್ನು ವಿವರಿಸುವುದಿಲ್ಲ. ಅರ್ಧ ಕರಗಿದ ಇಲಿ ನೀರಿನ ಬಟ್ಟಲಿನ ಪಕ್ಕ ಬಿದ್ದಿತ್ತು.

‘ತಿಂದು ಹೆಬ್ಬಾವಿನ ಹಾಗೆ ಬಿದ್ದುಕೊಂಡಿದ್ದಾನೆ’ ಎಂದು ಸೋಮಾರಿಗಳನ್ನು ಬಯ್ಯುತ್ತೇವಲ್ಲ, ಆ ಮಾತು ಪೂರಾ ತಪ್ಪು. ಹೊಟ್ಟೆ ಖಾಲಿ ಇರುವಾಗ ಹೆಬ್ಬಾವು ತನ್ನ ಜೀರ್ಣಾಂಗಗಳನ್ನು ಬಹುಮಟ್ಟಿಗೆ ಮುಚ್ಚಿಟ್ಟಿರುತ್ತದೆ. ಜಠರದಲ್ಲಿ ಆಮ್ಲವೂ ಇರುವುದಿಲ್ಲ ಎನ್ನಬೇಕು. ಬೇಟೆ ಒಳಗೆ ಹೋದಮೇಲೆಯೇ ಒಲೆ ಹಚ್ಚುವುದು. ಅಮೆರಿಕದ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ಬರ್ಮಾ ಹೆಬ್ಬಾವುಗಳ ಮೇಲೆ ಮಾಡಿದ ಕೆಲಸದಿಂದ ಇದು ಚೆನ್ನಾಗಿ ಗೊತ್ತಾಯಿತು. ದೊಡ್ಡ ಊಟವಾದ ಒಂದೆರಡು ದಿನದಲ್ಲಿ ಸಣ್ಣಕರುಳಿನ ತೂಕ ಸುಮಾರು ದುಪ್ಪಟ್ಟಾಗುತ್ತದೆ, ದೇಹ ಬಳಸುವ ಆಮ್ಲಜನಕ ಹತ್ತಾರು ಪಟ್ಟು ಏರುತ್ತದೆ. ಓಡುವ ಕುದುರೆಯಷ್ಟು ದುಡಿಯುತ್ತಿದೆ, ಬಿದ್ದಲ್ಲೇ ಬಿದ್ದು.

ಆ ಹೊತ್ತಿನಲ್ಲಿ ಅಪಾಯ ಬಂತೆನ್ನಿಸಿದರೆ ಅದಕ್ಕಿರುವ ದಾರಿ ಒಂದೇ, ಭಾರ ಇಳಿಸಿ ಹಗುರಾಗುವುದು. ಮಲೆನಾಡಿನ ತೋಟಗಳಲ್ಲಿ ಮೇಕೆ ನುಂಗಿದ ಹೆಬ್ಬಾವಿನ ಸುತ್ತ ಜನ ಮೊಬೈಲ್ ಹಿಡಿದು ನಿಂತಿರುವ ವಿಡಿಯೊ ನೀವೂ ನೋಡಿರುತ್ತೀರಿ. ನುಂಗಿದ್ದನ್ನು ಕಕ್ಕಿ ಅದು ಪೊದೆ ಸೇರುತ್ತದೆ, ಜನ ಕೇಕೆ ಹಾಕುತ್ತಾರೆ. ಗಾಜಿನ ಪೆಟ್ಟಿಗೆಯ ಹಾವಿಗೂ ಅದೇ ಬುದ್ಧಿ. ನನ್ನ ಕೈ ಪ್ರೀತಿಯದ್ದು ಎಂದು ಅದಕ್ಕೆ ಹೇಳುವವರು ಯಾರು? ಕಕ್ಕುವಾಗ ಆಮ್ಲ ಗಂಟಲನ್ನು ಸುಡುತ್ತದೆ, ಮೈಯ ನೀರೂ ಹೋಗುತ್ತದೆ. ಪದೇಪದೇ ಆದರೆ ಹಾವು ಸೊರಗಿ ಸಾಯಲೂಬಹುದು.

ಹಾಗಾಗಿ ನನ್ನ ತಕರಾರು ಆ ‘24ರಿಂದ 48’ರ ಮೇಲೆ. ಎರಡು ಸಂಖ್ಯೆ ಕೊಟ್ಟರೆ ಓದುಗ ತನಗೆ ಅನುಕೂಲವಾದದ್ದನ್ನೇ ಕೇಳಿಸಿಕೊಳ್ಳುತ್ತಾನೆ. ನಾನು ಕೇಳಿಸಿಕೊಂಡದ್ದು 24. ಕೈಪಿಡಿಯಲ್ಲಿ 48 ಒಂದೇ ಇರಬೇಕು, ಅದೂ ‘ಕನಿಷ್ಠ’ ಎಂಬ ಮಾತಿನ ಜೊತೆ. ಅದಕ್ಕಿಂತ ಮುಖ್ಯ, ಗಡಿಯಾರಕ್ಕಿಂತ ಮೊದಲು ಹೊಟ್ಟೆ ನೋಡಿ ಎಂದಿರಬೇಕು. ಉಬ್ಬು ಕಾಣುತ್ತಿದ್ದರೆ ಮೂರನೆಯ ದಿನವೂ ಬೇಡ, ನಾಲ್ಕನೆಯ ದಿನವೂ ಬೇಡ. ಹಾವಿನ ಜೀರ್ಣಶಕ್ತಿ ಹೊರಗಿನ ಶಾಖದ ಸಾಲ. ಬೆಚ್ಚಗಿನ ಮೂಲೆ 31–32 ಡಿಗ್ರಿ ಇದ್ದರೆ ಕೆಲಸ ಸಾಗುತ್ತದೆ, ಇಲ್ಲದಿದ್ದರೆ ಇಲ್ಲ. ಚೆನ್ನೈನ ಮೇ ತಿಂಗಳ 48 ಗಂಟೆ ಬೇರೆ, ಪುಣೆಯಲ್ಲೋ ದೆಹಲಿಯಲ್ಲೋ ಚಳಿಗಾಲದ ರಾತ್ರಿ ಕರೆಂಟು ಹೋಗಿ ಹೀಟ್ ಮ್ಯಾಟ್ ತಣ್ಣಗಾದಾಗಿನ 48 ಗಂಟೆ ಬೇರೆ.

ಇನ್ನೊಂದು ಸಲಹೆಯೂ ಬಹಳ ಓಡಾಡುತ್ತಿದೆ: ಆಹಾರವನ್ನು ಬೇರೆ ಡಬ್ಬಿಯಲ್ಲಿಟ್ಟು ಕೊಡಿ, ಇಲ್ಲವಾದರೆ ಗೂಡಿಗೆ ಕೈ ಹಾಕಿದಾಗಲೆಲ್ಲ ಊಟ ಬಂತೆಂದು ಕಚ್ಚುತ್ತದೆ ಎಂದು. ಆಮೇಲೆ ಅದನ್ನು ಗೂಡಿಗೆ ವಾಪಸು ಹಾಕುವುದು ಹೇಗೆ? ತುಂಬಿದ ಹೊಟ್ಟೆಯ ಹಾವನ್ನು ಎತ್ತಿಕೊಂಡೇ ತಾನೆ. ಕಚ್ಚುವ ಭಯವಿದ್ದರೆ ಉದ್ದ ಇಕ್ಕಳ ಬಳಸಿ, ಇಲಿ ಮುಟ್ಟಿದ ಕೈ ತೊಳೆದುಕೊಳ್ಳಿ.

ಹಾವು ಅಭ್ಯಾಸ ತಪ್ಪಿದರೆ ಒರಟಾಗುತ್ತದೆ, ದಿನಾ ಎತ್ತಿಕೊಳ್ಳಬೇಕು ಎನ್ನುವವರಿದ್ದಾರೆ. ದೊಡ್ಡ ಬಾಲ್ ಪೈಥಾನ್ ತಿನ್ನುವುದು ಎರಡು ಮೂರು ವಾರಕ್ಕೊಮ್ಮೆ. ಅದರಲ್ಲಿ ನಾಲ್ಕು ದಿನ ಬಿಟ್ಟರೆ ಯಾವ ಅಭ್ಯಾಸ ತಪ್ಪುತ್ತದೆ? ಅವಸರ ಹಾವಿನದಲ್ಲ, ಮನೆಗೆ ಬಂದ ನೆಂಟರದು. ಆ ಸಂಜೆ ನನಗೂ ಮಕ್ಕಳ ಕಣ್ಣಲ್ಲಿ ದೊಡ್ಡವನಾಗಬೇಕಿತ್ತು, ಅಷ್ಟೇ.

ಗೆಳೆಯನಿಗೆ ಫೋನ್ ಮಾಡಿದೆ. ಬಯ್ಯಲಿಲ್ಲ. ‘ಯಾವಾಗ ತೆಗೆದೆ?’ ಎಂದಷ್ಟೇ ಕೇಳಿದ. ಗೂಡು ತೊಳಿ, ಹೊಸ ನೀರಿಡು, ಎರಡು ವಾರ ಏನೂ ಕೊಡುವಂತಿಲ್ಲ, ಗಂಟಲು ಮಾಯಬೇಕು ಎಂದ. ಜನವರಿಯ ಮೊದಲ ವಾರ ಎಂದಿನ ಅರ್ಧದಷ್ಟು ಸಣ್ಣ ಇಲಿ ಕೊಟ್ಟ, ತಿಂದಿತು. ಬಾ, ನೋಡು ಎಂದು ಕರೆದ. ನಾಲ್ಕು ದಿನ ಬಿಟ್ಟು ಹೋದೆ, ಗಾಜಿನ ಈಚೆ ನಿಂತು ನೋಡಿ ಬಂದೆ. ಕೈಪಿಡಿಯ ಆ ಸಾಲು ತಿದ್ದಿ ಎಂದು ಕಂಪನಿಗೂ ಬರೆದಿದ್ದೇನೆ, ಉತ್ತರ ಬಂದಿಲ್ಲ.