ಕಿವಿಯೇ ವ್ಯಾಕರಣ

ಮಗು ‘ರೆಡ್ ಬಿಗ್ ಬಸ್’ ಎಂದು ಬರೆದರೆ ತಪ್ಪೇನು ಹೇಳಿ ನೋಡೋಣ? ಪದಗಳೆಲ್ಲ ಸರಿ, ಸಾಲು ತಪ್ಪು. ಅಂದಚೆಂದ, ಗಾತ್ರ, ವಯಸ್ಸು, ಬಣ್ಣ, ಕೊನೆಗೆ ವಸ್ತು: ಇಂಗ್ಲಿಷಿನ ಗುಣವಾಚಕಗಳು ಸಾಮಾನ್ಯವಾಗಿ ಬರುವುದು ಹೀಗೆ. ಕಾರಣ ಕೇಳಿದರೆ ಇಂಗ್ಲಿಷ್ ಮನೆಮಾತಿನವರೂ ‘ಕಿವಿಗೆ ಹಿಡಿಸಲ್ಲ’ ಅಂತಾರೆ, ಅಷ್ಟೆ.

ಕಥೆಗಾರ ಟೋಲ್ಕಿನ್ 1955ರಲ್ಲಿ ಕವಿ ಆಡೆನ್‌ಗೆ ಬರೆದ ಪತ್ರ ನೋಡಿ. ಏಳರ ವಯಸ್ಸಿನಲ್ಲಿ ಅವರು ‘ಗ್ರೀನ್ ಗ್ರೇಟ್ ಡ್ರ್ಯಾಗನ್’ ಎಂದಾಗ ತಾಯಿ ‘ಗ್ರೇಟ್ ಗ್ರೀನ್’ ಎಂದು ತಿದ್ದಿದ್ದರಂತೆ. ಭಾಷಾ ಪ್ರಾಧ್ಯಾಪಕರಾದ ಮೇಲೂ ಆ ‘ಏಕೆ’ ಅವರನ್ನು ಬಿಡಲಿಲ್ಲ!

‘ರೇಷ್ಮೆ ಹಳೇ ಸೀರೆ’ ಎಂದರೆ ನಾವೂ ಥಟ್ಟನೆ ತಿದ್ದುವುದಿಲ್ಲವೇ? ನಿಯಮ ಯಾರು ಕಲಿಸಿದರು? ಆದ್ದರಿಂದ ಸೋದರಿಯರೇ, ನಮಗೆ ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿ. ಮಗುವಿನಿಂದ ದಿನಕ್ಕೊಂದು ಒಳ್ಳೆಯ ಕಥೆ ಗಟ್ಟಿಯಾಗಿ ಓದಿಸಿ, ಕುಳಿತು ಕೇಳಿ. ಕಿವಿ ಪಳಗಿದರೆ ಸಾಲು ತಾನೇ ಕೂಡಿಬರುತ್ತೆ.