ಕ್ಯಾಮೆರಾ ಇರಲಿ, ಲೆಕ್ಕವೂ ಇರಲಿ



ಬೀದಿಗೆ ಕ್ಯಾಮೆರಾ ಬೇಡ ಎನ್ನಲು ಈ ಕರಪತ್ರ ಅಚ್ಚು ಹಾಕಿಸಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ಒಬ್ಬಳೇ ನಡೆದು ಬರುವ ಹೆಣ್ಣುಮಗಳಿಗೆ, ಕತ್ತಿನ ಸರ ಕಳೆದುಕೊಂಡ ಅಜ್ಜಿಗೆ ಅದರ ಬೆಲೆ ಗೊತ್ತು. ನಿರ್ಭಯಾ ನಿಧಿಯ ದುಡ್ಡಿನಲ್ಲಿ ಬೆಂಗಳೂರಿಗೆ ಸಾವಿರಾರು ಕ್ಯಾಮೆರಾ ಬಂದಿವೆ, ಬರಲಿ. ನಮ್ಮ ತಕರಾರು, ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸುವ ಒಂದು ಮಾತಿನ ಮೇಲೆ: ‘ತಪ್ಪು ಮಾಡದವನಿಗೆ ಭಯ ಯಾಕೆ?’

ಈ ಮಾತನ್ನು ಖರಕ್ ಸಿಂಗ್ ಎದುರು ಆಡಬೇಕಿತ್ತು. ದರೋಡೆ ಕೇಸಿನಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟ ಮನುಷ್ಯ. ಆದರೂ ಉತ್ತರ ಪ್ರದೇಶದ ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದು ನಡುರಾತ್ರಿ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ನಿಲ್ಲಿಸಿತು. ಜೊತೆಗೇ, ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೂ ಹೇಳಿಬಿಟ್ಟಿತು.

ಆ ಮಾತು ಅಳಿಸಿಹೋಗಲು 55 ವರ್ಷ ಹಿಡಿಯಿತು. ಕಾರಣರಾದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಮೊಮ್ಮಕ್ಕಳ ಜೊತೆ ಕಾಲ ಕಳೆಯುವ ವಯಸ್ಸು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಪೀಠದ ಒಂಬತ್ತೂ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೇ ಎಂದರು. ಸರ್ಕಾರ ಅದಕ್ಕೆ ಕೈಹಾಕಲೇಬಾರದು ಎಂದಲ್ಲ. ಹಾಕುವುದಾದರೆ ಕಾನೂನು ಇರಬೇಕು, ಉದ್ದೇಶ ಸರಿಯಿರಬೇಕು, ಅಗತ್ಯ ಮೀರಬಾರದು.

ನಿಗಾಕ್ಕೆ ಸಿಕ್ಕುವುದು ಬಡವರ, ಕೇಸಿನವರ ಪಾಡು ಎಂದುಕೊಂಡವರು 1988 ನೆನಪಿಸಿಕೊಳ್ಳಿ. ಫೋನ್ ಕದ್ದಾಲಿಕೆಯ ಆರೋಪ ಎದ್ದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟರು. ಕದ್ದು ಕೇಳಲಾಯಿತು ಎಂದು ದೂರಿದವರಲ್ಲಿ ರಾಜಕಾರಣಿಗಳೇ ಇದ್ದರು! ಆಗ ಇದ್ದದ್ದು ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆ. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಎರಡು ತಿಂಗಳಾದ ಮೇಲೆ ಮುಂದುವರಿಸಲು ಮತ್ತೆ ಆದೇಶ ಬೇಕು, ಏನೇ ಆದರೂ ಆರು ತಿಂಗಳು ದಾಟಬಾರದು ಎಂಬ ಕಟ್ಟಳೆ ಬಂದದ್ದು 1996ರಲ್ಲಿ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ.

ಫೋನಿಗೆ ಇಷ್ಟಾದರೂ ಇದೆ. ಮುಖ ಗುರುತಿಸುವ ಕ್ಯಾಮೆರಾಗೆ? 2023ರ ದತ್ತಾಂಶ ರಕ್ಷಣಾ ಕಾಯ್ದೆ ಅಂಗಡಿಯವನನ್ನೂ ಆ್ಯಪ್ ಕಂಪನಿಯನ್ನೂ ಕಟ್ಟಿಹಾಕುತ್ತದೆ; ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರದ ಕೈಯಲ್ಲೇ ಇಡುತ್ತದೆ. ನಿಗಾಕ್ಕೆ ಹೊರಗಿನವರ ಪರಿಶೀಲನೆ ಬೇಕು, ಇಂತಿಷ್ಟು ದಿನಕ್ಕೆ ದೃಶ್ಯ ಅಳಿಸಲೇಬೇಕು. ನಾವು ಕೇಳುತ್ತಿರುವುದು ಇಷ್ಟು.

ಸದ್ಯಕ್ಕೆ 10 ರೂಪಾಯಿ ಖರ್ಚು ಮಾಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ‘ನಮ್ಮ ಬೀದಿಯ ಕ್ಯಾಮೆರಾ ದೃಶ್ಯ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಯಾರ ಆದೇಶದ ಮೇಲೆ ಬೇರೆಯವರಿಗೆ ಕೊಡುತ್ತಾರೆ?’ ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ದಾಟಬಾರದು. ನಮಗೆ ಅಷ್ಟು ಬೇಕಾಗಿಯೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರೆಯಲು ಬಾರದ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಅವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಕಾಯ್ದೆಯಲ್ಲೇ ಇದೆ.